ದೊಡ್ಡ ಕೆಲಸದ ಲ್ಯಾಪ್‌ಟಾಪಿಗೆ ಯಾವ ಅಡಾಪ್ಟರ್, ಯಾವ ಓಎಸ್? ಕಾಸರಗೋಡಿನವರಿಗೆ ಒಂದು ಮಾರ್ಗದರ್ಶಿ

ಲಕ್ಷ ರೂಪಾಯಿಯ ಆಸುಪಾಸು ಕೊಟ್ಟು ಲ್ಯಾಪ್‌ಟಾಪ್ ಕೊಳ್ಳುವಾಗ ನಾವು ಪ್ರೊಸೆಸರ್ ಕೇಳುತ್ತೇವೆ, ಗ್ರಾಫಿಕ್ಸ್ ಕಾರ್ಡ್ ಕೇಳುತ್ತೇವೆ, ರ‍್ಯಾಮ್ ಕೇಳುತ್ತೇವೆ. ಪೆಟ್ಟಿಗೆಯೊಳಗಿನ ಅಡಾಪ್ಟರ್ ಎಷ್ಟು ವಾಟಿನದು ಎಂದು ಕೇಳುವವರು ತೀರಾ ಕಡಿಮೆ. ಓಎಸ್, ಅಂದರೆ ವಿಂಡೋಸ್, ಲಿನಕ್ಸಿನಂಥ ಆಪರೇಟಿಂಗ್ ಸಿಸ್ಟಮ್, ಅದರ ವಿಷಯದಲ್ಲೂ ಹಾಗೇ, ಅಂಗಡಿಯವರು ಹಾಕಿಕೊಟ್ಟದ್ದನ್ನೇ ಇಟ್ಟುಕೊಳ್ಳುತ್ತೇವೆ. ಆದರೆ ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಆ ಯಂತ್ರದಿಂದ ಬರಬೇಕಾದರೆ ಈ ಎರಡೂ ಸರಿ ಇರಬೇಕು. ವಾಟ್ ಸಾಲದಿದ್ದರೆ ಎಷ್ಟು ಒಳ್ಳೆಯ ಗ್ರಾಫಿಕ್ಸ್ ಕಾರ್ಡೂ ಅರ್ಧ ವೇಗದಲ್ಲೇ ಓಡುತ್ತದೆ. ಕೆಲಸಕ್ಕೆ ಹೊಂದದ ಓಎಸ್ ಇದ್ದರೆ ಬೇಕಾದ ಸಾಫ್ಟ್‌ವೇರ್ ಹಾಕಲಿಕ್ಕೇ ಆಗುವುದಿಲ್ಲ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಇಂಥ ಲ್ಯಾಪ್‌ಟಾಪ್ ಈಗ ಸಾಮಾನ್ಯ. ಪೊವ್ವಲ್‌ನ ಎಲ್‌ಬಿಎಸ್ ಕಾಲೇಜಿಗೋ ಮಂಗಳೂರಿಗೋ ಹೋಗುವ ಇಂಜಿನಿಯರಿಂಗ್ ಮಕ್ಕಳು, ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರು, ಯಕ್ಷಗಾನ ಲೈವ್ ಮಾಡುವವರು, ಮನೆ ನಕ್ಷೆ ಬರೆಯುವವರು, ಮನೆಯಿಂದಲೇ ಕಂಪನಿ ಕೆಲಸ ಮಾಡುವವರು. ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ.

ಮೊದಲ ಹೆಜ್ಜೆ: ಕೆಲಸ ಯಾವುದು, ಎಲ್ಲಿ ಕೂತು ಮಾಡುತ್ತೀರಿ?

ಅಂಗಡಿಗೆ ಹೋಗುವ ಮೊದಲು ಒಂದು ಕಾಗದದಲ್ಲಿ ಎರಡು ವಿಷಯ ಬರೆಯಿರಿ. ಒಂದು, ನೀವು ದಿನಾ ಬಳಸುವ ಸಾಫ್ಟ್‌ವೇರುಗಳ ಹೆಸರು. "ಎಡಿಟಿಂಗ್", "ಪ್ರೋಗ್ರಾಮಿಂಗ್" ಎಂದು ಸುಮ್ನೆ ಬರೆದರೆ ಸಾಲದು. ಪ್ರೀಮಿಯರ್, ಆಟೋಕ್ಯಾಡ್, ಟ್ಯಾಲಿ, ಬ್ಲೆಂಡರ್ ಎಂದು ಹೆಸರೇ ಬರೆಯಬೇಕು. ಎರಡು, ಪ್ಲಗ್ ಹಾಕುವ ಜಾಗಗಳು. ಮನೆಯ ಮೇಜು, ಕಾಲೇಜಿನ ಲ್ಯಾಬ್, ರೈಲು, ದೇವಸ್ಥಾನದ ಅಂಗಳದ ಜನರೇಟರ್, ಹೀಗೆ. ಮೊದಲ ಪಟ್ಟಿ ಓಎಸ್ ಯಾವುದೆಂದು ಹೇಳುತ್ತದೆ. ಎರಡನೆಯದು ಅಡಾಪ್ಟರ್ ಎಷ್ಟು ಬೇಕು, ಎಂಥದ್ದು ಬೇಕು ಎಂದು ಹೇಳುತ್ತದೆ.

ಎರಡನೆಯ ಹೆಜ್ಜೆ: ಅಡಾಪ್ಟರಿನ ಮೇಲಿನ ಬರಹ ಓದಿ

ಅಡಾಪ್ಟರಿನ ಹೊಟ್ಟೆಯ ಮೇಲೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಇರುತ್ತವೆ. ಇನ್‌ಪುಟ್ ಮತ್ತು ಔಟ್‌ಪುಟ್. ಕಣ್ಣಿಗೆ ಕಷ್ಟವಾದರೆ ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ.

ಇನ್‌ಪುಟ್ ಎಂದರೆ ಗೋಡೆಯಿಂದ ಬರುವ ಕರೆಂಟು. ಅಲ್ಲಿ ಸಾಮಾನ್ಯವಾಗಿ 100ರಿಂದ 240 ವೋಲ್ಟ್, 50/60 ಹರ್ಟ್ಸ್ ಎಂದಿರುತ್ತದೆ. ನಮ್ಮಲ್ಲಿ ಬರುವುದು 230 ವೋಲ್ಟ್, 50 ಹರ್ಟ್ಸ್. ಬೇಸಿಗೆಯಲ್ಲಿ ಎಲ್ಲ ತೋಟಗಳ ಪಂಪುಗಳೂ ಒಟ್ಟಿಗೆ ಓಡುವಾಗ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಇಳಿಯುತ್ತದೆ, ಬಲ್ಬು ಮಂಕಾಗುತ್ತದೆ. ಅದರಿಂದ ಲ್ಯಾಪ್‌ಟಾಪಿಗೆ ತೊಂದರೆ ಇಲ್ಲ. 100 ವೋಲ್ಟಿನವರೆಗೂ ಕೆಲಸ ಮಾಡುವ ಹಾಗೆ ಅಡಾಪ್ಟರನ್ನು ಮಾಡಿರುತ್ತಾರೆ. ಹಾಗಾಗಿ ಲ್ಯಾಪ್‌ಟಾಪಿಗೆಂದು ಸ್ಟೆಬಿಲೈಸರ್ ಕೊಳ್ಳುವುದು ದಂಡ.

ಔಟ್‌ಪುಟ್ ಎಂದರೆ ಲ್ಯಾಪ್‌ಟಾಪಿಗೆ ಹೋಗುವ ಕರೆಂಟು. ಉದಾಹರಣೆಗೆ 20 ವೋಲ್ಟ್, 11.5 ಆಂಪಿಯರ್ ಎಂದಿದೆ ಅಂದುಕೊಳ್ಳಿ. ಎರಡನ್ನೂ ಗುಣಿಸಿದರೆ 230 ವಾಟ್. 19.5 ವೋಲ್ಟ್, 9.23 ಆಂಪಿಯರ್ ಇದ್ದರೆ 180 ವಾಟ್. ಇನ್ನೊಂದು ಅಡಾಪ್ಟರ್ ಕೊಳ್ಳುವಾಗ ವೋಲ್ಟ್ ಹಳೆಯದರಷ್ಟೇ ಇರಬೇಕು (ಟೈಪ್ ಸಿ ಚಾರ್ಜರಿನ ಮಾತು ಬೇರೆ, ಅದು ನಾಲ್ಕನೆಯ ಹೆಜ್ಜೆಯಲ್ಲಿದೆ). ಆಂಪಿಯರ್ ಅಷ್ಟೇ ಇರಬಹುದು, ಜಾಸ್ತಿಯೂ ಇರಬಹುದು, ಕಡಿಮೆ ಮಾತ್ರ ಇರಬಾರದು. ಜಾಸ್ತಿ ಆಂಪಿಯರ್ ಇದ್ದರೆ ಲ್ಯಾಪ್‌ಟಾಪ್ ಸುಟ್ಟುಹೋಗುತ್ತದೆ ಎನ್ನುವ ಹೆದರಿಕೆ ಹಲವರಲ್ಲಿದೆ. ಹಾಗಾಗುವುದಿಲ್ಲ. ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

ಕಡಿಮೆಯಾದರೆ ಏನಾಗುತ್ತದೆ? ಕೆಲವು ಯಂತ್ರಗಳು ಚಾರ್ಜೇ ಆಗುವುದಿಲ್ಲ. ಕೆಲವು ಚಾರ್ಜ್ ಆಗುತ್ತವೆ, ಆದರೆ ಪ್ರೊಸೆಸರಿನ ವೇಗವನ್ನು ತಾವಾಗಿಯೇ ಇಳಿಸಿಬಿಡುತ್ತವೆ. ಇನ್ನು ಕೆಲವು, ಪ್ಲಗ್ ಹಾಕಿದ್ದರೂ ಸಾಲದೆ ಬಂದದ್ದನ್ನು ಬ್ಯಾಟರಿಯಿಂದ ತೆಗೆಯುತ್ತವೆ. ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪಿನ ಬ್ಯಾಟರಿ ಎರಡು ಗಂಟೆಯ ರೆಂಡರಿಂಗ್ (ಎಡಿಟ್ ಮಾಡಿದ್ದನ್ನು ಕೊನೆಯ ವಿಡಿಯೊ ಆಗಿ ತಯಾರಿಸುವುದು) ಮುಗಿಯುವಾಗ ಅರ್ಧಕ್ಕೆ ಇಳಿದಿದ್ದರೆ ಕಾರಣ ಇದೇ ಇರಬಹುದು. ಹೀಗೆ ದಿನಾ ನಡೆದರೆ ಬ್ಯಾಟರಿಯ ಆಯಸ್ಸು ಬೇಗ ಮುಗಿಯುತ್ತದೆ.

ಪಿನ್ನು ತೂತಿಗೆ ಹೊಕ್ಕಿತು ಎಂದ ಮಾತ್ರಕ್ಕೆ ಅಡಾಪ್ಟರ್ ಹೊಂದಿತು ಎಂದಲ್ಲ. ಡೆಲ್ಲಿನ ದುಂಡು ಪಿನ್ನಿನ ನಡುವೆ ಸೂಜಿಯಂಥ ಸಣ್ಣ ತಂತಿ ಇದೆ. "ನಾನು ಇಷ್ಟು ವಾಟಿನವನು" ಎಂದು ಯಂತ್ರಕ್ಕೆ ಹೇಳುವುದು ಆ ತಂತಿಯ ಕೆಲಸ. ಅದು ಬಗ್ಗಿದರೆ, ಅಥವಾ ನಕಲಿ ಅಡಾಪ್ಟರಿನಲ್ಲಿ ಆ ವ್ಯವಸ್ಥೆಯೇ ಇಲ್ಲದಿದ್ದರೆ, ಅಡಾಪ್ಟರ್ ಯಾವುದೆಂದು ಗೊತ್ತಾಗುತ್ತಿಲ್ಲ ಎಂಬ ಸಂದೇಶ ಪರದೆಯ ಮೇಲೆ ಬರುತ್ತದೆ. ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಯಂತ್ರ ನಿಧಾನವಾಗುತ್ತದೆ. ಲ್ಯಾಪ್‌ಟಾಪ್ ಹಾಳಾಯಿತೆಂದು ರಿಪೇರಿಗೆ ಕೊಡುವ ಮೊದಲು ಇನ್ನೊಂದು ಅಸಲಿ ಅಡಾಪ್ಟರ್ ಹಾಕಿ ನೋಡಿ.

ಕೊನೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು. ಭಾರತದಲ್ಲಿ ಮಾರುವ ಲ್ಯಾಪ್‌ಟಾಪ್ ಮತ್ತು ಅಡಾಪ್ಟರುಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ. 2012ರ ಸರ್ಕಾರಿ ಆದೇಶದಿಂದ ಶುರುವಾದ ನಿಯಮ ಇದು. ಅಡಾಪ್ಟರಿನ ಮೇಲೆ ಐಎಸ್ 13252 ಅಥವಾ ಇಂಥದ್ದೇ ಒಂದು ಮಾನಕದ ಸಂಖ್ಯೆ ಇರುತ್ತದೆ, ಜೊತೆಗೆ "ಆರ್" ಅಕ್ಷರದಿಂದ ಶುರುವಾಗುವ ಎಂಟು ಅಂಕಿಯ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಅದು ಯಾವ ಕಂಪನಿಯದೆಂದು ತೋರಿಸುತ್ತದೆ. ಅಡಾಪ್ಟರಿನ ಮೇಲೆ ಒಂದು ಹೆಸರು, ಆ್ಯಪಿನಲ್ಲಿ ಇನ್ನೊಂದು ಹೆಸರು, ಇಲ್ಲವೇ ನಂಬರೇ ಸಿಗುತ್ತಿಲ್ಲ ಎಂದಾದರೆ ಅದನ್ನು ಕೊಳ್ಳಬೇಡಿ. ಅಂಗಡಿಯಲ್ಲೇ ನಿಂತು ಎರಡು ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ ಇದು.

ಮೂರನೆಯ ಹೆಜ್ಜೆ: ಅಡಾಪ್ಟರ್ ನೋಡಿ ಯಂತ್ರವನ್ನು ಅಳೆಯಿರಿ

ಇದು ನನಗೆ ತುಂಬಾ ಮುಖ್ಯ ಅನಿಸುವ ವಿಷಯ. ಒಂದೇ ಹೆಸರಿನ ಗ್ರಾಫಿಕ್ಸ್ ಕಾರ್ಡ್ ಎಲ್ಲ ಲ್ಯಾಪ್‌ಟಾಪಿನಲ್ಲೂ ಒಂದೇ ವೇಗದಲ್ಲಿ ಓಡುವುದಿಲ್ಲ. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಕಾರ್ಡನ್ನೇ ತೆಗೆದುಕೊಳ್ಳಿ. ತಯಾರಕರು ಅದನ್ನು 35 ವಾಟಿಗೂ ಹೊಂದಿಸಬಹುದು, 115 ವಾಟಿಗೂ ಹೊಂದಿಸಬಹುದು. ಪೆಟ್ಟಿಗೆಯ ಮೇಲೆ ಎರಡಕ್ಕೂ 4060 ಎಂದೇ ಇರುತ್ತದೆ. ಕೆಲಸಕ್ಕೆ ಕೂತಾಗ ವ್ಯತ್ಯಾಸ ಗೊತ್ತಾಗುತ್ತದೆ.

ಒಂದು ಲೆಕ್ಕ ಹಾಕಿ. ಗ್ರಾಫಿಕ್ಸಿಗೆ 115 ವಾಟ್. ಪ್ರೊಸೆಸರಿಗೆ 45ರಿಂದ 65. ಪರದೆ, ಫ್ಯಾನು, ಎಸ್‌ಎಸ್‌ಡಿ, ರ‍್ಯಾಮ್ ಎಲ್ಲ ಸೇರಿ ಇನ್ನೊಂದು 20ರಿಂದ 30. ಅಲ್ಲಿಗೇ 200ರ ಹತ್ತಿರ ಬಂತು. ಬ್ಯಾಟರಿಯನ್ನೂ ಚಾರ್ಜ್ ಮಾಡಬೇಕಲ್ವಾ? ಹಾಗಾಗಿ ಇಂಥ ಯಂತ್ರದ ಜೊತೆ 230 ವಾಟಿನ ಅಡಾಪ್ಟರ್ ಬಂದರೆ ಸರಿಯಾಗಿದೆ. ಅದೇ ಕಾರ್ಡಿನ ಲ್ಯಾಪ್‌ಟಾಪಿಗೆ 120 ವಾಟಿನ ಅಡಾಪ್ಟರ್ ಕೊಟ್ಟಿದ್ದರೆ, ಆ ಕಾರ್ಡನ್ನು ಕಡಿಮೆ ವಾಟಿಗೆ ಕಟ್ಟಿಹಾಕಿದ್ದಾರೆ ಎಂದೇ ತಿಳಿಯಬೇಕು. ಅದು ಕೆಟ್ಟ ಯಂತ್ರ ಎಂದಲ್ಲ. ಹಗುರ ಇರುತ್ತದೆ, ಸದ್ದು ಕಡಿಮೆ, ರೈಲಿನಲ್ಲಿ ಹೊರಲು ಸುಲಭ. ಆದರೆ ನೀವು ಕೊಡುವ ಬೆಲೆ ಯಾವುದಕ್ಕೆ ಎಂದು ಗೊತ್ತಿರಬೇಕು.

ಒಂದು ಅಂದಾಜು ಹೇಳುತ್ತೇನೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಿಗೆ 65 ವಾಟ್ ಸಾಕು. ಮಧ್ಯಮ ಗ್ರಾಫಿಕ್ಸ್ ಇದ್ದರೆ 180ರಿಂದ 240. ತೀರಾ ಮೇಲಿನ ಮಟ್ಟದವಕ್ಕೆ 280, 330 ವಾಟ್. ಇಷ್ಟು ದೊಡ್ಡ ಅಡಾಪ್ಟರುಗಳು ಮುಕ್ಕಾಲು ಕಿಲೋ ಆಸುಪಾಸು ತೂಗುತ್ತವೆ. ಕೊಳ್ಳುವ ಮೊದಲು ಅದನ್ನೂ ಕೈಯಲ್ಲಿ ಹಿಡಿದು ನೋಡಿ.

ನಾಲ್ಕನೆಯ ಹೆಜ್ಜೆ: ಟೈಪ್ ಸಿ ಎಲ್ಲಿ ಸಾಕು, ಎಲ್ಲಿ ಸಾಲದು

ದಿನಾ ಮಂಗಳೂರಿಗೆ ಹೋಗಿ ಬರುವವರಿಗೆ ನನ್ನ ಸಲಹೆ ಸ್ಪಷ್ಟ. ದೊಡ್ಡ ಅಡಾಪ್ಟರ್ ಮನೆಯ ಮೇಜಿನ ಕೆಳಗೇ ಇರಲಿ. ಚೀಲದಲ್ಲಿ 100 ವಾಟಿನ ಸಣ್ಣ ಟೈಪ್ ಸಿ ಚಾರ್ಜರ್ ಇಟ್ಟುಕೊಳ್ಳಿ. ಈಗ ಬರುವ ಗ್ಯಾನ್ (ಗ್ಯಾಲಿಯಂ ನೈಟ್ರೈಡ್ ಬಳಸಿದ) ಚಾರ್ಜರುಗಳು ಅಂಗೈಯಲ್ಲಿ ಹಿಡಿಯುವಷ್ಟೇ ಇವೆ. ಕಾಲೇಜಿನಲ್ಲಿ ನೋಟ್ಸ್ ಬರೆಯಲು, ಕೋಡ್ ಬರೆಯಲು, ಬ್ರೌಸರ್ ನೋಡಲು ಅಷ್ಟು ಧಾರಾಳ ಸಾಕು.

ಆದರೆ ಕೊಳ್ಳುವ ಮೊದಲು ಮೂರು ವಿಷಯ ನೋಡಿ. ಮೊದಲನೆಯದು, ನಿಮ್ಮ ಲ್ಯಾಪ್‌ಟಾಪಿನ ಟೈಪ್ ಸಿ ತೂತು ಚಾರ್ಜ್ ತೆಗೆದುಕೊಳ್ಳುತ್ತದೆಯೇ? ಎಲ್ಲವೂ ತೆಗೆದುಕೊಳ್ಳುವುದಿಲ್ಲ. ಕೆಲವು ಬರೀ ಡೇಟಾಕ್ಕೆ ಇರುತ್ತವೆ. ಕಂಪನಿಯ ಮ್ಯಾನುವಲ್‌ನಲ್ಲಿ ಪವರ್ ಡೆಲಿವರಿ ಎಂದು ಬರೆದಿದೆಯೇ, ಬರೆದಿದ್ದರೆ ಎಷ್ಟು ವಾಟಿನವರೆಗೆ ಎಂದು ಹುಡುಕಿ. ಎರಡನೆಯದು ವಯರ್. ಸಾಮಾನ್ಯ ಟೈಪ್ ಸಿ ವಯರ್ 3 ಆಂಪಿಯರಿನದು, 60 ವಾಟಿಗಿಂತ ಜಾಸ್ತಿ ಹೋಗುವುದಿಲ್ಲ. 100 ವಾಟ್ ಬೇಕಾದರೆ 5 ಆಂಪಿಯರಿನ ವಯರೇ ಬೇಕು. ಅದರೊಳಗೆ ಒಂದು ಸಣ್ಣ ಚಿಪ್ ಇರುತ್ತದೆ. ಆ ಚಿಪ್ ಒಪ್ಪಿಗೆ ಕೊಟ್ಟರೆ ಮಾತ್ರ ಚಾರ್ಜರ್ 5 ಆಂಪಿಯರ್ ಬಿಡುತ್ತದೆ. ಚಾರ್ಜರ್ ಒಳ್ಳೆಯದು, ಲ್ಯಾಪ್‌ಟಾಪ್ ಒಳ್ಳೆಯದು, ಆದರೂ ಚಾರ್ಜ್ ನಿಧಾನ ಎಂದಾದರೆ ತಪ್ಪು ಈ ವಯರಿನದೇ ಇರಬಹುದು. ಮೂರನೆಯದು, ಎರಡು ಮೂರು ತೂತಿನ ಚಾರ್ಜರುಗಳಲ್ಲಿ ಒಟ್ಟು ವಾಟ್ ಹಂಚಿಹೋಗುತ್ತದೆ. ಫೋನನ್ನೂ ಅದಕ್ಕೇ ಸಿಕ್ಕಿಸಿದರೆ ಲ್ಯಾಪ್‌ಟಾಪಿನ ಪಾಲು ಕಡಿಮೆಯಾಗುತ್ತದೆ.

2021ರಲ್ಲಿ ಬಂದ ಹೊಸ ನಿಯಮದಂತೆ ಟೈಪ್ ಸಿ ಮೂಲಕ 240 ವಾಟಿನವರೆಗೂ ಕಳುಹಿಸಬಹುದು. ಅದಕ್ಕೆ ಚಾರ್ಜರ್, ವಯರ್, ಲ್ಯಾಪ್‌ಟಾಪ್ ಮೂರೂ ಆ ನಿಯಮಕ್ಕೆ ಒಪ್ಪುವಂತಿರಬೇಕು. ವಯರಿನ ಮೇಲೆ 240 ವಾಟ್ ಎಂದು ಬರೆದಿರುತ್ತದೆ. ಲ್ಯಾಪ್‌ಟಾಪ್ ತಗೊಳ್ಳುವುದು 100 ವಾಟ್ ಮಾತ್ರ ಎಂದಿದ್ದರೆ 240ರ ಚಾರ್ಜರಿಗೆ ಕೊಡುವ ದುಡ್ಡು ವ್ಯರ್ಥ.

ಲೈವ್ ಮಾಡುವವರು ಮಾತ್ರ ಈ ಸಣ್ಣ ಚಾರ್ಜರನ್ನು ನಂಬಿ ಹೊರಡಬೇಡಿ. ರಾತ್ರಿಯಿಡೀ ನಡೆಯುವ ಆಟಕ್ಕೆ ಎರಡು ಮೂರು ಕ್ಯಾಮೆರಾ ಜೋಡಿಸಿ ಕೂತರೆ ದೊಡ್ಡ ಅಡಾಪ್ಟರೇ ಬೇಕು. ಜನರೇಟರ್ ಇದ್ದರೆ ಅದು ಶುರುವಾಗಿ, ಓಟ ಒಂದು ಹದಕ್ಕೆ ಬಂದ ಮೇಲೆ ಪ್ಲಗ್ ಹಾಕಿ.

ಗಲ್ಫಿನಿಂದ ಬಂದ ಲ್ಯಾಪ್‌ಟಾಪ್ ಆದರೆ

ನಮ್ಮ ಜಿಲ್ಲೆಯಲ್ಲಿ ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ ಎಂದರೂ ತಪ್ಪಾಗದು. ರಜೆಗೆ ಬರುವಾಗ ಅಣ್ಣನೋ ಮಾವನೋ ಲ್ಯಾಪ್‌ಟಾಪ್ ತರುತ್ತಾರೆ. ದುಬೈಯಲ್ಲಿ ಕೊಂಡದ್ದಕ್ಕೆ ಮೂರು ಚಪ್ಪಟೆ ಕಾಲಿನ ಪ್ಲಗ್ ಇರುತ್ತದೆ. ಇಲ್ಲಿ ಅದಕ್ಕೆ ಕನ್ವರ್ಟರ್ ಸಿಕ್ಕಿಸಿ ನಡೆಸುತ್ತೇವೆ. ದೊಡ್ಡ ಅಡಾಪ್ಟರಿಗೆ ಅದು ಒಳ್ಳೆಯದಲ್ಲ. ಅಗ್ಗದ ಕನ್ವರ್ಟರುಗಳು ಸಡಿಲ ಇರುತ್ತವೆ, ಕಿಡಿ ಹಾರುತ್ತದೆ, ಎಷ್ಟೋ ಕನ್ವರ್ಟರುಗಳಲ್ಲಿ ಅರ್ತ್ ಮುಂದಕ್ಕೆ ಹೋಗುವುದೇ ಇಲ್ಲ.

ಅಡಾಪ್ಟರ್ ಬದಲಿಸಬೇಕಾಗಿಲ್ಲ. ಗೋಡೆಯಿಂದ ಅಡಾಪ್ಟರಿನವರೆಗೆ ಬರುವ ವಯರನ್ನು ಮಾತ್ರ ಬದಲಿಸಿ. ದೊಡ್ಡ ಅಡಾಪ್ಟರುಗಳಿಗೆ ಸಾಮಾನ್ಯವಾಗಿ ಡೆಸ್ಕ್‌ಟಾಪ್ ಕಂಪ್ಯೂಟರಿನ ವಯರೇ ಆಗುತ್ತದೆ. ಸಣ್ಣವಕ್ಕೆ ಮೂರೆಲೆಯ ಆಕಾರದ ತೂತು ಇರುತ್ತದೆ, ಅದರ ವಯರೂ ಕಂಪ್ಯೂಟರ್ ಅಂಗಡಿಗಳಲ್ಲಿ ಸಿಗುತ್ತದೆ. ಐಎಸ್‌ಐ ಗುರುತಿನ, ಮೂರು ಪಿನ್ನಿನ ವಯರ್ ಕೇಳಿ ತೆಗೆದುಕೊಳ್ಳಿ. 16 ಆಂಪಿಯರಿನ ದಪ್ಪ ಪಿನ್ನಿನ ವಯರ್ ಬಂದಿದ್ದು ನಿಮ್ಮ ಮೇಜಿನ ಹತ್ತಿರ ಅಂಥ ಸಾಕೆಟ್ ಇಲ್ಲದಿದ್ದರೂ ಇದೇ ದಾರಿ. 230 ವಾಟಿನ ಅಡಾಪ್ಟರ್ ಗೋಡೆಯಿಂದ ಎಳೆಯುವುದು ಒಂದು ಆಂಪಿಯರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. 6 ಆಂಪಿಯರಿನ ಸಾಕೆಟ್ ಸಾಕು.

ವಾರಂಟಿ ಭಾರತದಲ್ಲೂ ನಡೆಯುತ್ತದೆಯೇ ಎಂದು ಅಲ್ಲಿ ಕೊಳ್ಳುವಾಗಲೇ ಕೇಳಿಸಿ. ಕೀಬೋರ್ಡಿನಲ್ಲಿ ಅರೇಬಿಕ್ ಅಕ್ಷರ ಇರುವುದರಿಂದ ಕೆಲಸಕ್ಕೆ ಏನೂ ತೊಂದರೆ ಇಲ್ಲ.

ಐದನೆಯ ಹೆಜ್ಜೆ: ಅರ್ತ್, ಸಿಡಿಲು, ಇನ್ವರ್ಟರ್

ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಕೈ ಜುಮ್ ಎನ್ನುತ್ತದೆಯೇ? ಎರಡು ಪಿನ್ನಿನ ಚಾರ್ಜರ್ ಆದರೆ ತೀರಾ ಸಣ್ಣದಾಗಿ ಹಾಗಾಗುವುದುಂಟು. ಮೂರು ಪಿನ್ನಿನದ್ದಕ್ಕೂ ಹಾಗಾದರೆ ಮನೆಯ ಅರ್ತ್ ಸರಿ ಇಲ್ಲ ಎಂದೇ ಅನುಮಾನಿಸಿ. ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಒದ್ದೆ ಇದ್ದು ಅರ್ತ್ ಚೆನ್ನಾಗಿರುತ್ತದೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಅರ್ತ್ ಗುಂಡಿ ಒಣಗುತ್ತದೆ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹೊಯ್ಯುವ ರೂಢಿ ಹಿಂದಿನಿಂದ ಇದೆ, ಅದನ್ನು ಬಿಡಬೇಡಿ. ಒಮ್ಮೆ ಇಲೆಕ್ಟ್ರಿಷಿಯನ್ ಕರೆದು ಮೇಜಿನ ಹತ್ತಿರದ ಸಾಕೆಟ್ಟಿನಲ್ಲಿ ಅರ್ತ್ ಅಳೆಸಿ. ಫೇಸಿಗೂ ಅರ್ತಿಗೂ ನಡುವೆ 230ರ ಹತ್ತಿರ ತೋರಿಸಬೇಕು, ನ್ಯೂಟ್ರಲಿಗೂ ಅರ್ತಿಗೂ ನಡುವೆ ಕೆಲವೇ ವೋಲ್ಟ್ ಇರಬೇಕು. ಮನೆಯಲ್ಲಿ ಆರ್‌ಸಿಸಿಬಿ ಇದೆ, ಸಾಕು ಎನ್ನುವವರಿದ್ದಾರೆ. ಅದು ಮನುಷ್ಯರಿಗೆ ಶಾಕ್ ಹೊಡೆಯದಂತೆ ಕಾಯುವುದು. ಅರ್ತಿನ ಕೆಲಸ ಅದು ಮಾಡುವುದಿಲ್ಲ, ಸಿಡಿಲನ್ನು ತಡೆಯುವುದೂ ಇಲ್ಲ.

ಸಿಡಿಲಿನ ಮಾತು. ಏಪ್ರಿಲ್, ಮೇ ತಿಂಗಳ ಮುಂಗಾರು ಪೂರ್ವ ಮಳೆ ಮತ್ತು ತುಲಾ ತಿಂಗಳ (ಅಕ್ಟೋಬರ್, ನವೆಂಬರ್ ಹೊತ್ತಿನ) ಮಳೆ, ಈ ಎರಡು ಹೊತ್ತಿನಲ್ಲಿ ನಮ್ಮಲ್ಲಿ ಗುಡುಗು ಮಿಂಚು ಜೋರು. ಜೂನ್, ಜುಲೈಯ ಜಡಿಮಳೆಯಲ್ಲಿ ಅಷ್ಟಿಲ್ಲ. ಮಧ್ಯಾಹ್ನ ಕಳೆದು ಸಂಜೆಯಾಗುವಾಗ ಮೋಡ ಕಟ್ಟಿತೆಂದರೆ ಪ್ಲಗ್ ಎಳೆದುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಸಾಕೆಟ್ಟಿನಿಂದ ಹೊರಗೆ ತೆಗೆಯಬೇಕು. ಸ್ಪೈಕ್ ಗಾರ್ಡ್ ಒಳ್ಳೆಯದೇ, ಲೈನಿನಲ್ಲಿ ಬರುವ ಸಣ್ಣಪುಟ್ಟ ಏರಿಕೆಯನ್ನು ಅದು ಹೀರಿಕೊಳ್ಳುತ್ತದೆ. ಹತ್ತಿರದಲ್ಲೇ ಬಿದ್ದ ಸಿಡಿಲಿನ ಮುಂದೆ ಅದು ನಿಲ್ಲುವುದಿಲ್ಲ.

ನೆಟ್ ವಯರನ್ನೂ ಮರೆಯಬೇಡಿ. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟು ಬರುವುದಿಲ್ಲ. ಆದರೆ ರೂಟರಿಗೆ ಅದರದೇ ಅಡಾಪ್ಟರ್ ಇದೆ, ರೂಟರಿನಿಂದ ಲ್ಯಾಪ್‌ಟಾಪಿಗೆ ತಾಮ್ರದ ಲ್ಯಾನ್ ವಯರ್ ಇದೆ. ಪ್ಲಗ್ ತೆಗೆದ ಲ್ಯಾಪ್‌ಟಾಪ್ ಆ ವಯರಿನಿಂದಾಗಿಯೂ ಸುಡಬಹುದು. ಗುಡುಗಿನ ಹೊತ್ತಿನಲ್ಲಿ ಲ್ಯಾನ್ ತೆಗೆದು ವೈಫೈಯಲ್ಲಿ ಕೆಲಸ ಮಾಡಿ. ದೊಡ್ಡ ಮಾನಿಟರ್ ಜೋಡಿಸಿದ್ದರೆ ಅದರ ಎಚ್‌ಡಿಎಂಐ ವಯರನ್ನೂ ಬಿಡಿಸಿ.

ಬರೀ ಲ್ಯಾಪ್‌ಟಾಪಿಗೆ ಯುಪಿಎಸ್ ಬೇಡ, ಬ್ಯಾಟರಿ ಒಳಗೇ ಇದೆ. ಆದರೆ ಕರೆಂಟು ಹೋದ ಕೂಡಲೇ ಗ್ರಾಫಿಕ್ಸಿನ ವೇಗ ಇಳಿಯುತ್ತದೆ. ದೊಡ್ಡ ಕೆಲಸ ಓಡುತ್ತಿದ್ದರೆ ಬ್ಯಾಟರಿ ಒಂದು ಗಂಟೆ ಬಂದರೆ ಹೆಚ್ಚು. ಗಡುವಿನ ಕೆಲಸ ಮಾಡುವವರು ಮನೆಯ ಇನ್ವರ್ಟರ್ ಲೈನಿನ ಸಾಕೆಟ್ಟೊಂದನ್ನು ಮೇಜಿನ ಹತ್ತಿರ ಹಾಕಿಸಿಕೊಳ್ಳಿ. ಇನ್ವರ್ಟರ್ ಸೈನ್ ವೇವ್ ಇರಲಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರುಗಳಲ್ಲಿ ದೊಡ್ಡ ಅಡಾಪ್ಟರ್ ಗುಂಯ್‌ಗುಡುತ್ತದೆ, ಬಿಸಿಯೂ ಆಗುತ್ತದೆ. 230 ವಾಟಿನ ಅಡಾಪ್ಟರ್ ಪೂರ್ತಿ ಓಡುವಾಗ ಸುಮಾರು 255 ವಾಟ್ ಎಳೆಯುತ್ತದೆ ಎಂದು ಲೆಕ್ಕ ಇಟ್ಟುಕೊಂಡು ಉಳಿದ ಫ್ಯಾನು, ದೀಪಗಳನ್ನು ಕೂಡಿಸಿ ನೋಡಿ.

ಅಡಾಪ್ಟರನ್ನು ಮಳೆಗಾಲದಲ್ಲಿ ನೆಲದ ಮೇಲೆ ಇಡಬೇಡಿ, ನೆಲ ಬೆವರುತ್ತದೆ. ಹಾಸಿಗೆ, ದಿಂಬಿನ ಮೇಲೆ ಯಾವಾಗಲೂ ಬೇಡ. ಗಾಳಿಯಾಡುವ ಒಂದು ಹಲಗೆಯ ಮೇಲೆ ಇರಲಿ.

ಆರನೆಯ ಹೆಜ್ಜೆ: ಓಎಸ್ ಆರಿಸುವುದು

ಈಗ ಸಾಫ್ಟ್‌ವೇರುಗಳ ಆ ಪಟ್ಟಿ ತೆಗೆಯಿರಿ.

ಅದರಲ್ಲಿ ಆಟೋಕ್ಯಾಡ್, ಸಾಲಿಡ್‌ವರ್ಕ್ಸ್, ಟ್ಯಾಲಿ, ಫೋಟೊಶಾಪ್, ಪ್ರೀಮಿಯರ್ ಇದ್ದರೆ ವಿಂಡೋಸ್ 11 ಹಾಕಿ. ಬೇರೆ ಯೋಚನೆ ಬೇಡ. ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟುಗಳಲ್ಲಿ ಕಡತಗಳನ್ನು ಇಟ್ಟುಕೊಂಡಿರುವ ಪ್ರಿಂಟಿಂಗ್ ಪ್ರೆಸ್ಸಿನವರೂ ವಿಂಡೋಸಿನಲ್ಲೇ ಇರುವುದು ಸುಲಭ. ಹೋಮ್ ಸಾಕೋ, ಪ್ರೋ ಬೇಕೋ? ಹೆಚ್ಚಿನವರಿಗೆ ಹೋಮ್ ಸಾಕು. ಬೇರೆ ಕಡೆಯಿಂದ ರಿಮೋಟ್ ಡೆಸ್ಕ್‌ಟಾಪಿನಲ್ಲಿ ನಿಮ್ಮ ಯಂತ್ರಕ್ಕೆ ಬರಬೇಕು, ವಿಂಡೋಸಿನೊಳಗೆ ಇನ್ನೊಂದು ಓಎಸ್ ಓಡಿಸುವ ಹೈಪರ್ ವಿ ಬೇಕು, ಕಂಪನಿಯವರು ಡಿಸ್ಕಿಗೆ ಬೀಗ ಹಾಕುವ ಪೂರ್ತಿ ಬಿಟ್‌ಲಾಕರ್ ಕೇಳುತ್ತಾರೆ ಎಂದಾದರೆ ಮಾತ್ರ ಪ್ರೋ.

ಪಟ್ಟಿಯಲ್ಲಿ ಪೈಥಾನ್, ಮೆಷಿನ್ ಲರ್ನಿಂಗ್, ವೆಬ್ ಕೆಲಸ, ಬ್ಲೆಂಡರ್ ಇದ್ದರೆ ಲಿನಕ್ಸ್ ಚೆನ್ನಾಗಿ ಒಪ್ಪುತ್ತದೆ. ಲಿನಕ್ಸ್ ಎಂದರೆ ಕಷ್ಟ ಎಂದು ಹೆದರುವವರಿಗೆ ಒಂದು ಮಾತು. ನಮ್ಮ ಮಕ್ಕಳು ಇದನ್ನು ಶಾಲೆಯಲ್ಲೇ ಕಲಿತಿದ್ದಾರೆ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು, 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಕೈಟ್‌ನವರು ಉಬುಂಟು ಎಂಬ ಲಿನಕ್ಸಿನ ಮೇಲೆ ಕಟ್ಟಿದ ಓಎಸ್ಸೇ ಶಾಲೆಗಳ ಲ್ಯಾಪ್‌ಟಾಪುಗಳಲ್ಲಿ ಇರುವುದು, ಕನ್ನಡ ಮಾಧ್ಯಮದ ಶಾಲೆಗಳಲ್ಲೂ ಅದೇ. ಜಿಂಪ್, ಇಂಕ್‌ಸ್ಕೇಪ್, ಲಿಬ್ರೆ ಆಫೀಸ್ ಬಳಸಿ ಎಸೆಸೆಲ್ಸಿ ಮುಗಿಸಿದ ಹುಡುಗಿಗೆ ಉಬುಂಟು ಹೊಸದಲ್ಲ. ಕಾಲೇಜಿಗೆ ಹೋದ ಕೂಡಲೇ ಆ ಪರಿಚಯವನ್ನು ಬಿಟ್ಟುಬಿಡುವುದು ನಷ್ಟ ಎಂದು ನನ್ನ ಅಭಿಪ್ರಾಯ.

ಯಾವ ಲಿನಕ್ಸ್? ಉಬುಂಟುವಿನ ಎಲ್‌ಟಿಎಸ್ ಆವೃತ್ತಿ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, ಐದು ವರ್ಷ ಅಪ್‌ಡೇಟ್ ಸಿಗುತ್ತದೆ. 2024ರಲ್ಲಿ ಬಂದದ್ದು 24.04. ಒಮ್ಮೆ ಹಾಕಿ ವರ್ಷಗಟ್ಟಲೆ ಮುಟ್ಟದೆ ಕೆಲಸ ಮಾಡಬೇಕು ಎನ್ನುವವರಿಗೆ ಎಲ್‌ಟಿಎಸ್. ವಿಂಡೋಸಿನ ಹಾಗೆ ಕಾಣಬೇಕು ಎಂದರೆ ಲಿನಕ್ಸ್ ಮಿಂಟ್. ಮಾರುಕಟ್ಟೆಗೆ ಈಗಷ್ಟೇ ಬಂದ ಹೊಸ ಪ್ರೊಸೆಸರಿನ ಯಂತ್ರವಾದರೆ ಹಳೆಯ ಎಲ್‌ಟಿಎಸ್ಸಿಗೆ ಅದರ ವೈಫೈ, ಗ್ರಾಫಿಕ್ಸ್ ಗುರುತು ಸಿಗದಿರಬಹುದು. ಆಗ ಫೆಡೋರಾ ಅಥವಾ ಉಬುಂಟುವಿನ ಹೊಸ ಆವೃತ್ತಿ ನೋಡಿ.

ವಿಡಿಯೊದವರಿಗೆ ಒಂದು ಎಚ್ಚರಿಕೆ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಲಿನಕ್ಸಿನಲ್ಲಿ ಓಡುತ್ತದೆ, ನಿಜ. ಆದರೆ ಲಿನಕ್ಸಿಗೆ ಸಿಗುವ ಅದರ ಉಚಿತ ಆವೃತ್ತಿ ಎಚ್ 264, ಎಚ್ 265 ಬಗೆಯ ವಿಡಿಯೊ ಕಡತಗಳನ್ನು ತೆರೆಯುವುದಿಲ್ಲ. ನಮ್ಮ ಹೆಚ್ಚಿನ ಕ್ಯಾಮೆರಾಗಳಿಂದ ಬರುವುದು ಇವೇ ಎರಡು. ವಿಂಡೋಸಿಗೆ ಸಿಗುವ ಅದರ ಉಚಿತ ಆವೃತ್ತಿಯಲ್ಲಿ ಎಚ್ 264ಕ್ಕೆ ಈ ತಡೆ ಇಲ್ಲ. ಆಟ ಆಡುವವರಿಗೂ ಒಂದು ಮಾತು. ಸ್ಟೀಮಿನ ಪ್ರೋಟಾನ್‌ನಿಂದ ಸಾವಿರಾರು ವಿಂಡೋಸ್ ಆಟಗಳು ಈಗ ಲಿನಕ್ಸಿನಲ್ಲಿ ಓಡುತ್ತವೆ, ಆದರೆ ವ್ಯಾಲರೆಂಟ್, ಫೋರ್ಟ್‌ನೈಟ್ ಓಡುವುದಿಲ್ಲ.

ಎರಡೂ ಬೇಕು, ಆದರೆ ಎರಡು ಓಎಸ್ ಹಾಕುವ ಧೈರ್ಯ ಇಲ್ಲ ಎನ್ನುವವರಿಗೆ ವಿಂಡೋಸಿನ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಇದೆ. ಹೋಮ್ ಆವೃತ್ತಿಯಲ್ಲೂ ಸಿಗುತ್ತದೆ, ಎನ್‌ವಿಡಿಯಾದ ಕುಡಾ (ಗ್ರಾಫಿಕ್ಸ್ ಕಾರ್ಡಿನಿಂದ ಲೆಕ್ಕ ಮಾಡಿಸುವ ವ್ಯವಸ್ಥೆ) ಕೂಡ ಅದರಲ್ಲಿ ನಡೆಯುತ್ತದೆ. ಇಂಜಿನಿಯರಿಂಗ್ ಮೊದಲ ಎರಡು ವರ್ಷಕ್ಕೆ ಇಷ್ಟು ಸಾಕು.

ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್ ಕೊಳ್ಳುವವರು ಪ್ರೊಸೆಸರಿನ ತಲೆಮಾರು ನೋಡಿ. ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯದಾದರೆ, ಒಂದೆರಡನ್ನು ಬಿಟ್ಟು, ವಿಂಡೋಸ್ 11ರ ಪಟ್ಟಿಯಲ್ಲಿ ಅದಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಯಂತ್ರಕ್ಕೆ ಲಿನಕ್ಸೇ ಸರಿ. ಅದರ ಜೊತೆ ಕೊಡುವ ಅಡಾಪ್ಟರ್ ಅಸಲಿಯೇ ಎಂದು ಎರಡನೆಯ ಹೆಜ್ಜೆಯ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ.

"ಡಾಸ್" ಎಂದು ಕಡಿಮೆ ಬೆಲೆಗೆ ಸಿಗುವ ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಲೈಸೆನ್ಸ್ ಇರುವುದಿಲ್ಲ. ಲಿನಕ್ಸ್ ಹಾಕುವವರಿಗೆ ಅದು ಲಾಭ. ವಿಂಡೋಸ್ ಬೇಕಾದವರು ಲೈಸೆನ್ಸಿನ ಬೆಲೆ ಕೂಡಿಸಿ ನೋಡಿ. ಕಳ್ಳ ವಿಂಡೋಸ್ ಹಾಕಿಕೊಟ್ಟರೆ ಬೇಡವೆನ್ನಿ. ಅದರ ಜೊತೆ ಏನೆಲ್ಲ ಒಳಗೆ ಬರುತ್ತದೆಂದು ನಿಮಗೆ ಕಾಣುವುದಿಲ್ಲ, ನಿಮ್ಮ ಬ್ಯಾಂಕಿನ ಪಾಸ್‌ವರ್ಡೂ ಅದೇ ಯಂತ್ರದಲ್ಲಿ ಇರುತ್ತದೆ.

ಏಳನೆಯ ಹೆಜ್ಜೆ: ಎರಡು ಓಎಸ್ ಹಾಕುವುದಾದರೆ

ಕೆಲಸವನ್ನು ಬೆಳಗ್ಗೆ ಶುರು ಮಾಡಿ. ಬಯೋಸ್ (ಯಂತ್ರ ಆನ್ ಆಗುವಾಗ ಮೊದಲು ಓಡುವ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಲು ಅಡಾಪ್ಟರ್ ಹಾಕಿರಲೇಬೇಕು, ನಡುವೆ ತೆಗೆಯಬಾರದು. ಗುಡುಗುವ ಸಂಜೆಗೆ ಇದು ಹೇಳಿದ ಕೆಲಸವಲ್ಲ.

ಮೊದಲು ನಿಮ್ಮ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಆಮೇಲೆ ಬಿಟ್‌ಲಾಕರ್ ಕೀ. ಈಗಿನ ವಿಂಡೋಸ್ 11 ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ನಿಮಗೆ ಹೇಳದೆಯೇ ಡಿಸ್ಕಿಗೆ ಬೀಗ ಹಾಕಿರುತ್ತದೆ. ಆ ಬೀಗದ ಕೀ, 48 ಅಂಕಿಯ ನಂಬರ್, ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಅದನ್ನು ಕಾಗದದಲ್ಲಿ ಬರೆದಿಡಿ. ಬಯೋಸ್ ಮುಟ್ಟಿದ ಮೇಲೆ ವಿಂಡೋಸ್ ಅದನ್ನು ಕೇಳಬಹುದು. ಇಲ್ಲದಿದ್ದರೆ ಡಿಸ್ಕಿನಲ್ಲಿರುವುದು ಯಾವುದೂ ಸಿಗುವುದಿಲ್ಲ. ಬರೆದಿಟ್ಟ ಮೇಲೆ ಬಿಟ್‌ಲಾಕರನ್ನು ಸದ್ಯಕ್ಕೆ ನಿಲ್ಲಿಸಿ, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ವಿಂಡೋಸಿನ ಜಾಗ ಕುಗ್ಗಿಸಿ 100 ಜಿಬಿಯಾದರೂ ಖಾಲಿ ಮಾಡಿ.

ಪೆನ್‌ಡ್ರೈವಿನಿಂದ ಉಬುಂಟು ಓಡಿಸಿ, ಇನ್‌ಸ್ಟಾಲ್ ಒತ್ತದೆ ಒಂದು ಗಂಟೆ ಬಳಸಿ ನೋಡಿ. ವೈಫೈ ಸಿಕ್ಕಿತೇ, ಸದ್ದು ಬಂತೇ, ಪರದೆಯ ಬೆಳಕು ಹೆಚ್ಚು ಕಡಿಮೆ ಆಗುತ್ತದೆಯೇ, ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ? ಇನ್‌ಸ್ಟಾಲ್ ಮಾಡುವಾಗ ಎಸ್‌ಎಸ್‌ಡಿಯೇ ಕಾಣದಿದ್ದರೆ ಬಯೋಸಿನಲ್ಲಿ ಇಂಟೆಲ್ ವಿಎಂಡಿ ಎಂಬ ಡಿಸ್ಕ್ ಸೆಟ್ಟಿಂಗ್ ಆನ್ ಇರಬಹುದು. ಅದನ್ನು ಏಕಾಏಕಿ ಆಫ್ ಮಾಡಿದರೆ ವಿಂಡೋಸ್ ಬೂಟ್ ಆಗುವುದಿಲ್ಲ. ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅದನ್ನು ಮುಟ್ಟಿ.

ಇನ್‌ಸ್ಟಾಲ್ ಮಾಡುವಾಗ ಬೇರೆ ಕಂಪನಿಗಳ (ಥರ್ಡ್ ಪಾರ್ಟಿ) ಡ್ರೈವರ್ ಹಾಕಲೇ ಎಂದು ಕೇಳುತ್ತದೆ, ಹಾಕಿ. ಬಯೋಸಿನಲ್ಲಿ ಸೆಕ್ಯೂರ್ ಬೂಟ್ ಎಂಬ ಭದ್ರತೆ ಆನ್ ಇದ್ದರೆ ಒಂದು ಪಾಸ್‌ವರ್ಡ್ ಕೊಡಲು ಹೇಳುತ್ತದೆ. ಮುಂದಿನ ಬೂಟಿನಲ್ಲಿ ನೀಲಿ ಪರದೆಯಲ್ಲಿ ಅದೇ ಪಾಸ್‌ವರ್ಡ್ ಕೊಟ್ಟು ಒಪ್ಪಿಗೆ ಹೇಳಬೇಕು. ಆ ಪರದೆಯನ್ನು ದಾಟಿಬಿಟ್ಟರೆ ಎನ್‌ವಿಡಿಯಾ ಡ್ರೈವರ್ ಓಡುವುದಿಲ್ಲ.

ಕನ್ನಡ, ಮಲಯಾಳ ಎರಡರಲ್ಲೂ ಟೈಪ್ ಮಾಡುವ ಅಗತ್ಯ ನಮಗೆ ಇದ್ದೇ ಇದೆ. ವಿಂಡೋಸಿನಲ್ಲಿ ಭಾಷೆಯ ಸೆಟ್ಟಿಂಗಿಗೆ ಹೋಗಿ ಎರಡನ್ನೂ ಸೇರಿಸಿ, ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದರೆ ಬದಲಾಗುತ್ತದೆ. ಉಬುಂಟುವಿನಲ್ಲೂ ಅದೇ ಎರಡು ಕೀ. ಕೆಪಿ ರಾವ್ ವಿನ್ಯಾಸದ ಕಗಪ ಕೀಲಿಮಣೆ ರೂಢಿ ಇರುವವರಿಗೆ ಲಿನಕ್ಸಿನ ಟೈಪಿಂಗ್ ವ್ಯವಸ್ಥೆ ಐಬಸ್‌ನಲ್ಲಿ ಅದೂ ಇದೆ.

ಕೊನೆಯ ಹೆಜ್ಜೆ: ಮೊದಲ ವಾರದಲ್ಲೇ ಪರೀಕ್ಷೆ

ಅಸಲಿ ಅಡಾಪ್ಟರ್ ಹಾಕಿ, ಪವರ್ ಮೋಡನ್ನು ಅತಿ ಹೆಚ್ಚಿನ ವೇಗಕ್ಕೆ ಇಟ್ಟು, ನಿಮ್ಮದೇ ಕೆಲಸವನ್ನು ಅರ್ಧ ಗಂಟೆ ಓಡಿಸಿ. ರೆಂಡರ್ ಆಗಲಿ, ಆಟವಾಗಲಿ, ಮಾಡೆಲ್ ಟ್ರೈನಿಂಗ್ ಆಗಲಿ. ಶುರುವಿನಲ್ಲಿ ಬ್ಯಾಟರಿ ಶೇಕಡಾ ಎಷ್ಟಿತ್ತು, ಮುಗಿದಾಗ ಎಷ್ಟು ಎಂದು ಬರೆದಿಡಿ. ಎರಡು ಓಎಸ್ ಇದ್ದರೆ ಎರಡರಲ್ಲೂ ಮಾಡಿ. ಒಂದರಲ್ಲಿ ಮಾತ್ರ ನಿಧಾನ ಎಂದಾದರೆ ಡ್ರೈವರಿನ ಸಮಸ್ಯೆ. ಎರಡರಲ್ಲೂ ಬ್ಯಾಟರಿ ಇಳಿಯುತ್ತಿದ್ದರೆ ಅಡಾಪ್ಟರ್ ಸಾಲದು, ಇಲ್ಲವೇ ದೋಷವಿದೆ. ಅಡಾಪ್ಟರ್ ಬಿಸಿಯಾಗುವುದು ಸಹಜ, ಕೈ ಇಡಲಾಗದಷ್ಟು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಕೂಡಲೇ ಪ್ಲಗ್ ತೆಗೆಯಿರಿ.

ಮೇಜಿನಲ್ಲೇ ಯಾವಾಗಲೂ ಪ್ಲಗ್ ಹಾಕಿ ಇಡುವವರು ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸಿ. ವಿಂಡೋಸಿನಲ್ಲಿ ಲ್ಯಾಪ್‌ಟಾಪ್ ಕಂಪನಿಯ ಆ್ಯಪಿನಲ್ಲಿ ಈ ಸೌಲಭ್ಯ ಇರುತ್ತದೆ. ಲಿನಕ್ಸಿನಲ್ಲಿ ಪರದೆಯ ನೋಟ ಕೊಡುವ ಡೆಸ್ಕ್‌ಟಾಪುಗಳು ಬೇರೆ ಬೇರೆ, ಅವುಗಳಲ್ಲಿ ಕೆಡಿಇಯ ಪವರ್ ಸೆಟ್ಟಿಂಗಿನಲ್ಲಿ, 2025ರಲ್ಲಿ ಬಂದ ಗ್ನೋಮ್ 48ರಿಂದ ಮುಂದೆ ಅದರಲ್ಲೂ ಸಿಗುತ್ತದೆ, ಯಂತ್ರ ಅದಕ್ಕೆ ಒಪ್ಪುವಂತಿದ್ದರೆ. ತುಲಾ ತಿಂಗಳಲ್ಲಿ ಮಾತ್ರ ಮಧ್ಯಾಹ್ನದೊಳಗೆ ಪೂರ್ತಿ ಚಾರ್ಜ್ ಮಾಡಿಟ್ಟುಕೊಳ್ಳಿ. ಸಂಜೆ ಪ್ಲಗ್ ತೆಗೆದ ಮೇಲೆ ಎರಡು ಮೂರು ಗಂಟೆಯ ಸಣ್ಣ ಕೆಲಸಕ್ಕೆ ಅದು ಬೇಕಾಗುತ್ತದೆ.